ಕಾಣಿಸಿಕೊಳ್ಳುವ ದುಡಿಮೆ

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಜನರು ಕಿವಿಗೊಡುವಂಥ ಕೆಲವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಯಾವ ಬೀಜ ಬಿತ್ತಬೇಕು, ಯಾವ ವೈದ್ಯರಲ್ಲಿಗೆ ಹೋಗಬೇಕು, ಮದುವೆಯ ಸೀರೆಯನ್ನು ಯಾವ ಅಂಗಡಿಯಿಂದ ತರಬೇಕು ಎಂಬ ಮಾತು ಬಂದಾಗ, ‘ಅವರನ್ನೊಮ್ಮೆ ಕೇಳಿ ನೋಡೋಣ’ ಎಂದು ಊರವರು ನೆನೆಯುವ ಒಬ್ಬಿಬ್ಬರು ಪ್ರತಿಯೊಂದು ಊರಿನಲ್ಲಿಯೂ ಉಂಟು. ಅವರಿಗೆ ಅಧಿಕಾರವಿಲ್ಲ, ಸಂಬಳವೂ ಇಲ್ಲ. ಜನರ ನಂಬಿಕೆಯೇ ಅವರ ಬಂಡವಾಳ. ಈ ಬಂಡವಾಳವನ್ನು ಹಣವನ್ನಾಗಿ ಮಾಡಿಕೊಳ್ಳಬಹುದೆಂಬುದು ಮಾತ್ರ ನಮ್ಮ ಕಾಲದ ಹೊಸ ಸಂಗತಿ. ಯೂಟ್ಯೂಬ್, ಇನ್‌ಸ್ಟಾಗ್ರಾಮ್ ಮೊದಲಾದ ಜಾಲತಾಣಗಳಲ್ಲಿ ತಮ್ಮ ಮಾತು, ಮುಖ, ಅಡುಗೆ, ಉಡುಗೆ, ಪ್ರವಾಸ, ಹಾಸ್ಯಗಳನ್ನು ದಿನದಿನವೂ ತೋರಿಸಿ ಜನರನ್ನು ಸಂಪಾದಿಸಿಕೊಂಡವರನ್ನು ಇಂದು ‘ಇನ್‌ಫ್ಲುಯೆನ್ಸರ್’ ಎಂದು ಕರೆಯುತ್ತಾರೆ. ನಾವು ‘ಪ್ರಭಾವಿ’ ಎನ್ನೋಣ. ಇವರು, ಇವರನ್ನು ನೋಡುವವರು, ಇವರ ಮೂಲಕ ಸರಕು ಮಾರುವ ಕಂಪೆನಿಗಳು, ಈ ಮೂವರ ನಡುವೆ ನಿಂತಿರುವ ಜಾಲತಾಣಗಳು, ಇಷ್ಟೂ ಸೇರಿ ಆಗಿರುವ ವ್ಯವಹಾರಕ್ಕೆ ‘ಕ್ರಿಯೇಟರ್ ಎಕಾನಮಿ’ ಎಂದು ಹೆಸರು.

ಈ ವಿಷಯವನ್ನು ನಾನು ಆರಿಸಿಕೊಂಡುದಕ್ಕೆ ಕಾರಣವಿದೆ. ನಮ್ಮ ಕಾಲೇಜಿನ ಜಗಲಿಯಲ್ಲಿ ಸರಕಾರಿ ನೌಕರಿಯ ಪರೀಕ್ಷೆಗಳ ಮಾತು ಎಷ್ಟು ಕೇಳಿಬರುತ್ತದೆಯೋ, ಚಾನೆಲ್ ತೆರೆಯುವ ಮಾತೂ ಅಷ್ಟೇ ಕೇಳಿಬರುತ್ತದೆ. ನಮ್ಮ ಮನೆಯಲ್ಲಿಯೂ ಆ ಮಾತು ಎದ್ದಿದೆ. ಪಿ.ಯು.ಸಿ. ಮುಗಿಸಿರುವ ನನ್ನ ತಂಗಿ, ಮೂರು ವರ್ಷ ಪದವಿ ಓದುವ ಬದಲು ಅಡುಗೆಯ ವಿಡಿಯೋ ಮಾಡಿ ಹಾಕುತ್ತೇನೆ ಎನ್ನುತ್ತಾಳೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದುದರಿಂದ ಅಪ್ಪ ಅಮ್ಮ ಇಬ್ಬರೂ ತೀರ್ಪಿಗಾಗಿ ನನ್ನ ಮುಖ ನೋಡುತ್ತಾರೆ. ‘ಬೇಡ’ ಎನ್ನುವುದು ಸುಲಭ. ‘ಆಗಲಿ’ ಎನ್ನುವುದೂ ಸುಲಭ. ಆದರೆ ಇದು ನಿಜವಾಗಿಯೂ ಒಂದು ಉದ್ಯೋಗವೆ? ಉದ್ಯೋಗವಾದರೆ ಕೂಲಿ ಕೊಡುವವರು ಯಾರು, ಕೂಲಿಯನ್ನು ಗೊತ್ತುಮಾಡುವವರು ಯಾರು? ಈ ಪ್ರಶ್ನೆಗಳನ್ನು ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳ ವಿದ್ವಾಂಸರು ಹಲವು ವರ್ಷಗಳಿಂದ ವಿಚಾರಿಸುತ್ತಿದ್ದಾರೆ. ಅವರು ಕಂಡುದರಲ್ಲಿ ನಾನು ಓದಿ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ವಿಷಯ ಹೊಸದೆಂದು ನಾವು ತಿಳಿದಿದ್ದರೂ ಇದರ ಬೇರು ಹಳೆಯದು. 1940ರಲ್ಲಿ ಅಮೇರಿಕದಲ್ಲಿ ಅಧ್ಯಕ್ಷರ ಚುನಾವಣೆ ನಡೆದಾಗ, ಪಾಲ್ ಲಾಜರ್ಸ್‌ಫೆಲ್ಡ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಓಹಾಯೋ ರಾಜ್ಯದ ಈರಿ ಎಂಬ ಜಿಲ್ಲೆಯಲ್ಲಿ ಸುಮಾರು 600 ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಕಂಡು ಮಾತನಾಡಿಸಿದರು. ಪತ್ರಿಕೆ ಮತ್ತು ರೇಡಿಯೋಗಳೇ ಜನರ ಮನಸ್ಸನ್ನು ತಿರುಗಿಸುತ್ತವೆಂಬುದು ಅಂದಿನ ಸಾಮಾನ್ಯ ಅಭಿಪ್ರಾಯ. ಆದರೆ 1944ರಲ್ಲಿ ಪ್ರಕಟವಾದ ಅವರ ಗ್ರಂಥ ಬೇರೊಂದು ಸಂಗತಿಯನ್ನು ಹೇಳಿತು. ಸುದ್ದಿಯು ಮೊದಲು ಕೆಲವರನ್ನು ಮುಟ್ಟುತ್ತದೆ. ಆ ಕೆಲವರ ಬಾಯಿಂದ ಉಳಿದವರನ್ನು ಮುಟ್ಟುತ್ತದೆ. ಈ ಕೆಲವರನ್ನು ಅವರು ‘ಅಭಿಪ್ರಾಯದ ಮುಂದಾಳುಗಳು’ ಎಂದು ಕರೆದರು. 1955ರಲ್ಲಿ ಲಾಜರ್ಸ್‌ಫೆಲ್ಡ್ ಮತ್ತು ಎಲಿಹು ಕಾಟ್ಜ್ ಪ್ರಕಟಿಸಿದ ಇನ್ನೊಂದು ಗ್ರಂಥಕ್ಕೆ ಇಲಿನಾಯ್ ರಾಜ್ಯದ ಡೆಕೇಟರ್ ಪಟ್ಟಣದ ಸುಮಾರು 800 ಸ್ತ್ರೀಯರ ಸಂದರ್ಶನವೇ ಆಧಾರ. ಮನೆಸಾಮಾನು, ಉಡುಗೆ, ಸಿನಿಮಾ, ಸಾರ್ವಜನಿಕ ವಿಷಯ, ಒಂದೊಂದಕ್ಕೂ ಅವರು ಕೇಳುವುದು ಬೇರೆ ಬೇರೆಯವರನ್ನು. ಅದೂ ಬಹುಮಟ್ಟಿಗೆ ದೊಡ್ಡವರನ್ನಲ್ಲ, ತಮ್ಮಂತೆಯೇ ಇರುವ ನೆರೆಹೊರೆಯವರನ್ನು ಎಂದು ಅದರಿಂದ ತಿಳಿದುಬಂತು. ತಮ್ಮಂತೆ ಇರುವವರ ಮಾತನ್ನು ಜನ ನಂಬುತ್ತಾರೆಂಬ ಈ ಸತ್ಯದ ಮೇಲೆಯೇ ಇಂದಿನ ಪ್ರಭಾವಿಗಳ ಉದ್ಯಮ ನಿಂತಿದೆ.

ಮರುವರ್ಷ, ಅಂದರೆ 1956ರಲ್ಲಿ, ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಒಂದು ಸಣ್ಣ ಲೇಖನ ಬರೆದರು. ಆಗತಾನೇ ಟೆಲಿವಿಷನ್ ಮನೆಮನೆಗೂ ಬರುತ್ತಿದ್ದ ಕಾಲ. ತೆರೆಯ ಮೇಲೆ ನಿರೂಪಕನು ನೇರವಾಗಿ ನಮ್ಮ ಕಣ್ಣನ್ನೇ ನೋಡಿ ಮಾತನಾಡುತ್ತಾನೆ. ನೋಡುವವನಿಗೆ ಅವನು ತನ್ನ ಗೆಳೆಯನೆಂಬ ಭಾವನೆ ಹುಟ್ಟುತ್ತದೆ. ಆದರೆ ಈ ಗೆಳೆತನ ಒಂದು ಕಡೆಯದು. ಇವನು ಅವನನ್ನು ಬಲ್ಲ, ಅವನು ಇವನನ್ನು ಅರಿಯ. ಇದಕ್ಕೆ ಅವರು ‘ಪ್ಯಾರಾಸೋಷಿಯಲ್’ ಸಂಬಂಧವೆಂದು ಹೆಸರಿಟ್ಟರು. ದೂರದಲ್ಲಿದ್ದುಕೊಂಡೇ ಹುಟ್ಟುವ ಸಲುಗೆ ಎನ್ನಬಹುದು. ನಮ್ಮ ಮನೆಯ ಮಾತು ತುಳು. ತುಳುವಿನಲ್ಲಿಯೋ ನಮ್ಮ ಕಡೆಯ ಕನ್ನಡದಲ್ಲಿಯೋ ಮಾತನಾಡುವ ವಿಡಿಯೋಗಳನ್ನು ನೋಡುವಾಗ ನನ್ನ ಅಮ್ಮ ‘ಹೌದಾ ಮಗಾ’ ಎಂದು ಮೊಬೈಲಿಗೇ ಉತ್ತರ ಕೊಡುವುದುಂಟು. 70 ವರ್ಷಗಳ ಹಿಂದಿನ ಆ ಲೇಖನದ ಅರ್ಥ ನನಗೆ ಪೂರ್ತಿಯಾಗಿ ಆದುದು ಆಗಲೇ.

ಅಂತರ್ಜಾಲ ಬಂದ ಮೇಲೆ ಈ ಎರಡು ಸಂಗತಿಗಳೂ, ಎಂದರೆ ನೆರೆಯವರ ಮಾತಿನ ಬಲವೂ ದೂರದ ಸಲುಗೆಯೂ, ಒಂದೇ ವ್ಯಕ್ತಿಯಲ್ಲಿ ಕೂಡಿದವು. ಅಮೇರಿಕದ ತೆರೆಸಾ ಸೆಂಫ್ಟ್ 2008ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥವರನ್ನು ‘ಮೈಕ್ರೋ ಸೆಲೆಬ್ರಿಟಿ’, ಅಂದರೆ ಕಿರಿಯ ತಾರೆಗಳೆಂದು ವಿವರಿಸಿದರು. ಅನಂತರ ಆಲಿಸ್ ಮಾರ್ವಿಕ್ ಎಂಬವರು ಸ್ಯಾನ್‌ಫ್ರಾನ್ಸಿಸ್ಕೋ ನಗರದ ತಂತ್ರಜ್ಞರ ನಡುವೆ ಇದ್ದು ನೋಡಿ 2013ರಲ್ಲಿ ಬರೆದ ಗ್ರಂಥ, ಮನುಷ್ಯರು ತಮ್ಮನ್ನೇ ಒಂದು ಮಾರಾಟದ ಮುದ್ರೆಯಂತೆ ಸಿದ್ಧಪಡಿಸಿಕೊಳ್ಳುವ ಬಗೆಯನ್ನು ವರ್ಣಿಸಿತು. ಸಿಂಗಪುರದ ಮಾನವಶಾಸ್ತ್ರಜ್ಞೆ ಕ್ರಿಸ್ಟಲ್ ಅಬಿದಿನ್ ತಮ್ಮ ನಾಡಿನ ಪ್ರಭಾವಿಗಳೊಡನೆ ದೀರ್ಘಕಾಲ ಒಡನಾಡಿ ಅಭ್ಯಾಸ ಮಾಡಿದರು. ಅವರು 2016ರ ಒಂದು ಲೇಖನದಲ್ಲಿ ಬಳಸಿದ ಮಾತು ನನಗೆ ಈ ಇಡೀ ವಿಷಯದ ಬೀಗದ ಕೈಯಂತೆ ಕಾಣುತ್ತದೆ. ಆ ಮಾತಿನ ಅರ್ಥ ‘ಕಾಣಿಸಿಕೊಳ್ಳುವ ದುಡಿಮೆ’. ಇತರರ ಕಣ್ಣಿಗೆ ಬೀಳುವಂತೆ, ಬಿದ್ದಾಗ ಒಳ್ಳೆಯದಾಗಿಯೇ ಬೀಳುವಂತೆ, ತನ್ನನ್ನು ತಾನು ಅಣಿಗೊಳಿಸಿಕೊಳ್ಳುವ ಕೆಲಸವೂ ಒಂದು ದುಡಿಮೆಯೇ ಎಂಬುದು ಅವರ ವಾದ. ಪ್ರಭಾವಿಗಳನ್ನು ಹಿಂಬಾಲಿಸುವವರು ಅವರಂತೆ ಉಟ್ಟು, ತೊಟ್ಟು, ಚಿತ್ರ ತೆಗೆದು ಹಾಕುವಾಗ ಅವರೂ ಕಂಪೆನಿಗಳಿಗಾಗಿ ಕೂಲಿಯಿಲ್ಲದೆ ದುಡಿಯುತ್ತಾರೆಂದು ಅದೇ ಲೇಖನ ತೋರಿಸುತ್ತದೆ.

ಇದು ದುಡಿಮೆ ಎಂಬುದನ್ನು ಹೊರಗಿನವರು ಒಪ್ಪುವುದು ಕಷ್ಟ. ನಮ್ಮ ತರಗತಿಯ ಗೆಳತಿಯೊಬ್ಬಳು ಕರಾವಳಿಯ ತಿಂಡಿಗಳ ವಿಡಿಯೋ ಮಾಡುತ್ತಾಳೆ. ಮೂರು ನಿಮಿಷದ ಒಂದು ವಿಡಿಯೋಕ್ಕೆ ಅವಳಿಗೆ ಮೂರು ಸಂಜೆ ಬೇಕು. ಒಂದು ಸಂಜೆ ಸಾಮಾನು ತಂದು ಅಡುಗೆ ಮಾಡಿ ಚಿತ್ರ ತೆಗೆಯುವುದಕ್ಕೆ. ಒಂದು ಸಂಜೆ ಕತ್ತರಿಸಿ ಜೋಡಿಸಿ ಮಾತು ಸೇರಿಸುವುದಕ್ಕೆ. ಒಂದು ಸಂಜೆ ಹೆಸರು, ಮುಖಚಿತ್ರಗಳನ್ನು ಒಪ್ಪಮಾಡಿ ನೋಡಿದವರ ಮಾತುಗಳಿಗೆಲ್ಲ ಮಾರುತ್ತರ ಕೊಡುವುದಕ್ಕೆ. ನೋಡುವವರಿಗೆ ಮಾತ್ರ ಅದು ಅಡುಗೆಮನೆಯಲ್ಲಿ ಸಹಜವಾಗಿ ನಡೆದಂತೆ ತೋರಬೇಕು. ಅಬಿದಿನ್ ಅವರು 2017ರಲ್ಲಿ ಇದನ್ನು ಅಳೆದು ತೂಗಿದ ಹವ್ಯಾಸಿತನ ಎಂಬರ್ಥದ ಮಾತಿನಿಂದ ಕರೆದಿದ್ದಾರೆ. ಶ್ರಮವನ್ನು ಅಡಗಿಸುವುದೇ ಈ ಶ್ರಮದ ಗುಣ. ಆದ್ದರಿಂದಲೇ ‘ಕುಳಿತಲ್ಲೇ ಹಣ’ ಎಂಬ ಭ್ರಮೆ ನಮ್ಮಲ್ಲಿ ಹಬ್ಬಿರುವುದು.

ಇನ್ನು ಹಣದ ಮಾತು. ಪ್ರಭಾವಿಗಳಿಗೆ ಹಣ ಬರುವ ದಾರಿಗಳು ಮುಖ್ಯವಾಗಿ ಮೂರು. ಜಾಲತಾಣವು ಜಾಹೀರಾತಿನ ಹುಟ್ಟುವಳಿಯಲ್ಲಿ ಕೊಡುವ ಪಾಲು ಒಂದು. ಕಂಪೆನಿಗಳು ತಮ್ಮ ಸರಕನ್ನು ಹೊಗಳುವುದಕ್ಕಾಗಿ ನೇರವಾಗಿ ಕೊಡುವುದು ಎರಡನೆಯದು. ಅಭಿಮಾನಿಗಳೇ ಕೊಡುವ ಚಂದಾ, ಕಾಣಿಕೆ ಮೂರನೆಯದು. ಯೂಟ್ಯೂಬ್ 2005ರಲ್ಲಿ ಆರಂಭವಾಯಿತು. 2006ರಲ್ಲಿ ಗೂಗಲ್ ಕಂಪೆನಿ ಅದನ್ನು 165 ಕೋಟಿ ಡಾಲರುಗಳಿಗೆ ಕೊಂಡಿತು. 2007ರಲ್ಲಿ ವಿಡಿಯೋ ಮಾಡುವವರಿಗೂ ಪಾಲು ಕೊಡುವ ಏರ್ಪಾಡು ಬಂದಿತು. ದೀರ್ಘ ವಿಡಿಯೋಗಳ ಜಾಹೀರಾತಿನ ಹಣದಲ್ಲಿ ಮಾಡಿದವರಿಗೆ ನೂರಕ್ಕೆ 55, ಕಂಪೆನಿಗೆ 45 ಎಂಬುದು ಅದರ ಕರಾರು. ಕೇಳುವುದಕ್ಕೆ ಇದು ನ್ಯಾಯವಾದ ಪಾಲಿನಂತೆಯೇ ಇದೆ. ಆದರೆ ಪಾಲಿನ ಪಂಕ್ತಿಗೆ ಯಾರು ಕೂರಬಹುದೆಂಬುದನ್ನು ಕಂಪೆನಿಯೊಂದೇ ತೀರ್ಮಾನಿಸುತ್ತದೆ.

2017ರ ಏಪ್ರಿಲಿನಲ್ಲಿ ಹೇಳಿದ ನಿಯಮದಂತೆ ಚಾನೆಲಿಗೆ ಒಟ್ಟು 10,000 ನೋಟಗಳು ಬಂದಿದ್ದರೆ ಪಾಲು ಕೇಳಬಹುದಾಗಿತ್ತು. ಒಂದು ವರ್ಷವೂ ಕಳೆದಿರಲಿಲ್ಲ. 2018ರ ಜನವರಿಯಲ್ಲಿ ಆ ಹೊಸ್ತಿಲು ಮೇಲೇರಿತು. 1,000 ಚಂದಾದಾರರು ಇರಬೇಕು, ಹಿಂದಿನ ಹನ್ನೆರಡು ತಿಂಗಳುಗಳಲ್ಲಿ ಜನರು 4,000 ಗಂಟೆಗಳ ಕಾಲ ನೋಡಿರಬೇಕು ಎಂದಾಯಿತು. 4,000 ಗಂಟೆಗಳೆಂದರೆ 2,40,000 ನಿಮಿಷಗಳು. ನನ್ನ ಗೆಳತಿಯ ಮೂರು ನಿಮಿಷದ ವಿಡಿಯೋಗಳನ್ನು ಜನರು ಮೊದಲಿನಿಂದ ಕೊನೆಯವರೆಗೆ ಒಂದು ವರ್ಷದೊಳಗೆ 80,000 ಸಲ ನೋಡಿದರೆ ಈ ಲೆಕ್ಕ ತುಂಬುತ್ತದೆ. ಅಲ್ಲಿಯವರೆಗೆ ಜಾಹೀರಾತಿನ ಪಾಲು ಅವಳಿಗಿಲ್ಲ. ತುಂಬಿದ ಮೇಲೂ ನೋಟವೊಂದಕ್ಕೆ ಇಷ್ಟೇ ಎಂಬ ಸ್ಥಿರವಾದ ದರವಿಲ್ಲ. ನೋಡುವವರು ಯಾವ ದೇಶದವರು, ವಿಷಯ ಯಾವುದು, ಜಾಹೀರಾತುದಾರರು ಆ ತಿಂಗಳು ಎಷ್ಟು ಕೊಡಲು ಸಿದ್ಧರಿದ್ದಾರೆ ಎಂಬುದರ ಮೇಲೆ ಅದು ಏರಿಳಿಯುತ್ತದೆ.

ಹಾಗಾದರೆ ಲಕ್ಷಗಟ್ಟಲೆ ಗಳಿಸುವವರು ಇಲ್ಲವೆ? ಇದ್ದಾರೆ. ಅವರು ಕೆಲವರೇ ಏಕೆ ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಉತ್ತರವುಂಟು. ಷರ್ವಿನ್ ರೋಸೆನ್ ಎಂಬ ಅರ್ಥಶಾಸ್ತ್ರಜ್ಞರು 1981ರಲ್ಲಿ ಪ್ರಕಟಿಸಿದ ಲೇಖನದ ಸಾರವನ್ನು ನಮ್ಮ ಕಡೆಯ ಉದಾಹರಣೆಯಿಂದ ಹೇಳುವುದಾದರೆ ಹೀಗೆ. ಯಕ್ಷಗಾನದ ಒಂದು ಮೇಳ ಒಂದು ರಾತ್ರಿ ಒಂದೇ ಬಯಲಿನಲ್ಲಿ ಆಡಬಲ್ಲದು. ಎಷ್ಟೇ ಶ್ರೇಷ್ಠ ಮೇಳವಾದರೂ ಅದೇ ರಾತ್ರಿ ಪಕ್ಕದ ಊರಿನಲ್ಲಿ ಇನ್ನೊಂದು ಮೇಳಕ್ಕೆ ಎಡೆಯಿದ್ದೇ ಇರುತ್ತದೆ. ಆದರೆ ಒಬ್ಬನೇ ಕಲಾವಿದನು ಒಂದೇ ಹೊತ್ತಿನಲ್ಲಿ ಎಲ್ಲ ಊರುಗಳನ್ನೂ ಮುಟ್ಟುವ ಸಾಧನ ಬಂದರೆ, ಗುಣದಲ್ಲಿ ಕೂದಲೆಳೆಯಷ್ಟು ಹೆಚ್ಚಿದ್ದವನು ಸಂಪಾದನೆಯಲ್ಲಿ ಬೆಟ್ಟದಷ್ಟು ಹೆಚ್ಚುತ್ತಾನೆ. ಎರಡನೆಯವನಿಗೆ ಎಡೆಯೇ ಇಲ್ಲವಾಗುತ್ತದೆ.

ಗುಣವಿದ್ದವರೇ ಮೇಲೆ ಬರುತ್ತಾರೆಂದಾದರೂ ನಂಬಬಹುದೆ? ಇದನ್ನು ಪರೀಕ್ಷಿಸಲು ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು 2006ರಲ್ಲಿ ಸ್ವಾರಸ್ಯವಾದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಯಾರೂ ಕೇಳದ ತಂಡಗಳ 48 ಹಾಡುಗಳನ್ನು ಅವರು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಒಂದು ಗುಂಪಿಗೆ ಹಾಡುಗಳ ಹೆಸರನ್ನು ಮಾತ್ರ ತೋರಿಸಿದರು. ಉಳಿದವರನ್ನು ಎಂಟು ಗುಂಪುಗಳಾಗಿ ವಿಂಗಡಿಸಿ, ಯಾವ ಹಾಡನ್ನು ತಮ್ಮ ಗುಂಪಿನ ಎಷ್ಟು ಮಂದಿ ಇಳಿಸಿಕೊಂಡಿದ್ದಾರೆಂಬ ಲೆಕ್ಕವನ್ನೂ ತೋರಿಸಿದರು. ಎಂಟು ಊರುಗಳಲ್ಲಿ ಏಕಕಾಲಕ್ಕೆ ನಡೆಯುವ ಎಂಟು ಜಾತ್ರೆಗಳೆಂದು ಭಾವಿಸಿರಿ. ಎಲ್ಲ ಜಾತ್ರೆಗಳಲ್ಲಿಯೂ ಸರಕು ಅದೇ. ಆದರೂ ಒಂದು ಜಾತ್ರೆಯಲ್ಲಿ ಗೆದ್ದ ಹಾಡು ಇನ್ನೊಂದರಲ್ಲಿ ಮೂಲೆಗೆ ಬಿತ್ತು. ಅತ್ಯುತ್ತಮವಾದುದು ತೀರ ಕೆಳಗಿಳಿದುದು ವಿರಳ, ಅತಿ ಕಳಪೆಯಾದುದು ಮೇಲೇರಿದುದೂ ವಿರಳ. ನಡುವಣ ಹಾಡುಗಳಿಗೆ ಮಾತ್ರ ಏನು ಬೇಕಾದರೂ ಆಗಬಹುದಾಗಿತ್ತು. ಇತರರ ಲೆಕ್ಕ ಕಣ್ಣಿಗೆ ಕಂಡಾಗ ಗೆದ್ದವರಿಗೂ ಸೋತವರಿಗೂ ನಡುವಣ ಅಂತರ ಹಿಗ್ಗಿತು. ‘ಲೈಕು’ಗಳ ಸಂಖ್ಯೆ ಎದುರಿಗೇ ಕಾಣುವ ಇಂದಿನ ಜಾಲತಾಣಗಳು ಇಂಥ ಜಾತ್ರೆಗಳಲ್ಲದೆ ಮತ್ತೇನು? ನಾವು ಬಹುಮಂದಿ ನಡುವಣವರು ಎಂಬುದನ್ನು ಇಲ್ಲಿ ಮರೆಯಬಾರದು.

ಹೀಗಿದ್ದರೂ ಯುವಕ ಯುವತಿಯರು ಏಕೆ ಬಿಡದೆ ದುಡಿಯುತ್ತಾರೆ? ಅಮೇರಿಕದ ಬ್ರೂಕ್ ಎರಿನ್ ಡಫಿ ಎಂಬವರು ಉಡುಗೆ ತೊಡುಗೆ, ಸೌಂದರ್ಯಗಳ ವಿಷಯವಾಗಿ ಬರೆಯುವ, ವಿಡಿಯೋ ಮಾಡುವ ಹತ್ತಾರು ಮಂದಿಯನ್ನು, ಹೆಚ್ಚಾಗಿ ಸ್ತ್ರೀಯರನ್ನು, ಸಂದರ್ಶಿಸಿ 2017ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಇಂದು ಕೂಲಿಯಿಲ್ಲದಿದ್ದರೂ ನಾಳೆ ಸಿಕ್ಕೀತು ಎಂಬ ಆಸೆಯಿಂದ ಮಾಡುವ ದುಡಿಮೆಗೆ ಅವರು ಒಂದು ಹೊಸ ಹೆಸರನ್ನೇ ಕೊಟ್ಟಿದ್ದಾರೆ. ನಮಗೆ ಹೊಸ ಹೆಸರು ಬೇಕಿಲ್ಲ. ‘ಉಮೇದುವಾರಿ’ ಎಂಬ ಹಳೆಯ ಮಾತು ಉಂಟಲ್ಲ! ಕಚೇರಿಯಲ್ಲಿ ಸಂಬಳವಿಲ್ಲದೆ ಬರೆದುಕೊಂಡಿದ್ದು, ಜಾಗ ಖಾಲಿಯಾದಾಗ ನೌಕರಿ ಸಿಕ್ಕೀತೆಂದು ಕಾಯುವುದು ಉಮೇದುವಾರಿ. ಡಫಿ ಅವರು ಕಂಡ ಮುಖ್ಯ ಸಂಗತಿಯೆಂದರೆ, ಈ ಉಮೇದುವಾರಿಯ ಫಲ ಕೆಲವರಿಗೆ ಮಾತ್ರ ದೊರೆಯಿತು. ಆ ಕೆಲವರಲ್ಲಿಯೂ ಅನೇಕರಿಗೆ ಮೊದಲೇ ಹಣ, ಬಿಡುವು, ಪರಿಚಯಗಳ ಆಸರೆ ಇತ್ತು. ನನ್ನಂಥವರನ್ನು ಎಚ್ಚರಿಸಬೇಕಾದ ಮಾತು ಇದೇ. ಉಮೇದುವಾರಿ ಮಾಡುವುದಕ್ಕೂ ಮನೆಯಲ್ಲಿ ಯಾರಾದರೂ ಅನ್ನ ಹಾಕುವವರು ಇರಬೇಕಷ್ಟೆ. ಎರಡು ವರ್ಷ ಗಳಿಕೆಯಿಲ್ಲದೆ ಕಾಯಬಲ್ಲ ಮನೆಯ ಮಕ್ಕಳಿಗೂ, ಎರಡು ತಿಂಗಳು ಕಾಯಲಾರದ ಮನೆಯ ಮಕ್ಕಳಿಗೂ ಇದು ಒಂದೇ ಬಾಗಿಲಲ್ಲ.

ಇನ್ನೊಂದು ಸಂಗತಿ, ಯಂತ್ರದ ಆಳಿಕೆ. ಯಾವ ವಿಡಿಯೋ ಯಾರ ಕಣ್ಣಿಗೆ ಬೀಳಬೇಕೆಂಬುದನ್ನು ತೀರ್ಮಾನಿಸುವುದು ‘ಆಲ್ಗಾರಿದಮ್’ ಎಂಬ ಲೆಕ್ಕಾಚಾರದ ಸೂತ್ರ. ನಾರ್ವೆಯ ಟೈನಾ ಬೂಖರ್ 2012ರಲ್ಲಿ ಫೇಸ್‌ಬುಕ್ಕನ್ನು ಕುರಿತು ಬರೆದ ಲೇಖನದಲ್ಲಿ ಒಂದು ಒಳ್ಳೆಯ ಮಾತಿದೆ. ಹಿಂದೆ ಅಧಿಕಾರವು ‘ನಿನ್ನನ್ನು ಸದಾ ನೋಡುತ್ತಿದ್ದೇನೆ’ ಎಂದು ಹೆದರಿಸುತ್ತಿತ್ತು. ಈಗ ‘ನೀನು ಯಾರಿಗೂ ಕಾಣದಂತಾಗುವೆ’ ಎಂದು ಹೆದರಿಸುತ್ತದೆ ಎಂಬುದು ಅದರ ಭಾವ. ಸೂತ್ರವೇನೆಂಬುದು ದುಡಿಯುವವರಿಗೆ ಪೂರ್ತಿಯಾಗಿ ತಿಳಿದಿಲ್ಲ. ಆದ್ದರಿಂದ ಅವರು ತಮ್ಮತಮ್ಮಲ್ಲಿ ಊಹಿಸುತ್ತಾರೆ: ಸಂಜೆ ಹಾಕಿದರೆ ಒಳ್ಳೆಯದಂತೆ, ಒಂದು ವಾರ ಬಿಟ್ಟರೆ ಕೆಳಗೆ ತಳ್ಳುತ್ತದಂತೆ, ಮುಖ ದೊಡ್ಡದಾಗಿ ಕಾಣಬೇಕಂತೆ. ಬ್ರಿಟನ್ನಿನ ಸೋಫಿ ಬಿಷಪ್ 2019ರಲ್ಲಿ ಇದನ್ನು ಆಲ್ಗಾರಿದಮಿನ ಹರಟೆ ಎಂದು ಕರೆದು, ಇದು ಬರಿಯ ಹರಟೆಯಲ್ಲ, ಗುಟ್ಟಾಗಿರುವ ನಿಯಮಗಳ ಕೆಳಗೆ ಬದುಕುವವರು ಬದುಕುವುದಕ್ಕಾಗಿಯೇ ಹಂಚಿಕೊಳ್ಳುವ ತಿಳಿವಳಿಕೆ ಎಂದು ವಿವರಿಸಿದ್ದಾರೆ.

ಇದನ್ನು ಓದುವಾಗ ನನಗೆ ಅಮ್ಮನ ಬೀಡಿಯ ಕೆಲಸ ನೆನಪಾಯಿತು. ನಮ್ಮ ಜಿಲ್ಲೆಯ ಸಾವಿರಾರು ಮನೆಗಳಂತೆ ನಮ್ಮ ಮನೆಯೂ ಬೀಡಿಯಿಂದ ನಡೆದ ಮನೆ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು, ಪುಡಿ ತುಂಬಿ ಸುರುಟಿ ನೂಲು ಸುತ್ತುವುದು ಮನೆಯಲ್ಲಿ, ಒಪ್ಪಿಸುವುದು ಬ್ರಾಂಚಿನಲ್ಲಿ. ಅಲ್ಲಿ ಕೆಲವು ಬೀಡಿಗಳನ್ನು ‘ಸರಿಯಿಲ್ಲ’ ಎಂದು ಪಕ್ಕಕ್ಕೆ ತೆಗೆದಿಡುವುದುಂಟು. ಏಕೆ ಸರಿಯಿಲ್ಲವೆಂದು ಹಿಂತಿರುಗಿ ಬರುವ ದಾರಿಯಲ್ಲಿ ಹೆಂಗಸರು ಮಾತಾಡಿಕೊಳ್ಳುತ್ತಾರೆ. ಎಲೆಯ ದೋಷವಂತೆ, ನೂಲಿನ ದೋಷವಂತೆ ಎಂದು. ಮನೆಯೇ ಕಾರ್ಖಾನೆ, ಸಲಕರಣೆ ತನ್ನದು, ಹೊತ್ತು ತನ್ನದು, ನಿರ್ಣಯ ಮಾತ್ರ ಇನ್ನೊಬ್ಬರದು: ಎರಡು ದುಡಿಮೆಗಳ ಸ್ವರೂಪವೂ ಒಂದೇ. ಆದರೆ ಒಂದು ವ್ಯತ್ಯಾಸವಿದೆ. ಬೀಡಿಗೆ ಸಾವಿರಕ್ಕೆ ಇಷ್ಟೆಂಬ ದರ ಮೊದಲೇ ಗೊತ್ತು. ಒಪ್ಪಿಸಿದ ಲೆಕ್ಕವನ್ನು ಪುಸ್ತಕದಲ್ಲಿ ಬರೆದುಕೊಡುತ್ತಾರೆ. ವಿಡಿಯೋ ಮಾಡುವವಳಿಗೆ ಆ ದರವೂ ಇಲ್ಲ, ಆ ಪುಸ್ತಕವೂ ಇಲ್ಲ.

ಜಾಲತಾಣವನ್ನೇ ನಂಬಿ ಕುಳಿತರೆ ಏನಾಗಬಹುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. 2020ರ ಜೂನ್ 29ರಂದು ಕೇಂದ್ರ ಸರಕಾರವು ದೇಶದ ಭದ್ರತೆಯ ಕಾರಣ ನೀಡಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಅವುಗಳಲ್ಲೊಂದು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ವಿಚಾರ. ಹಳ್ಳಿಗಳಲ್ಲಿ, ಸಣ್ಣ ಪಟ್ಟಣಗಳಲ್ಲಿ ಇದ್ದುಕೊಂಡು ಅದರಲ್ಲಿ ಲಕ್ಷಗಟ್ಟಲೆ ಜನರನ್ನು ಸಂಪಾದಿಸಿಕೊಂಡಿದ್ದವರ ಗಳಿಕೆ ಮರುದಿನ ಉಳಿಯಲಿಲ್ಲ. ಅಭಿಮಾನಿಗಳ ಪಟ್ಟಿಯನ್ನು ಹೊತ್ತುಕೊಂಡು ಬೇರೆ ಕಡೆಗೆ ಹೋಗುವಂತಿರಲಿಲ್ಲ. ಒಕ್ಕಲೆಬ್ಬಿಸಿದರೆ ಹೊಲದ ಫಲವತ್ತಾದ ಮಣ್ಣನ್ನು ಗೇಣಿದಾರ ಹೊತ್ತೊಯ್ಯಲಾದೀತೆ?

ಇಷ್ಟು ಹೇಳಿದ ಮಾತ್ರಕ್ಕೆ ಇದೆಲ್ಲವೂ ಮೋಸವೆಂದು ತೀರ್ಮಾನಿಸುವುದು ಸರಿಯಲ್ಲ. ಇನ್ನೊಂದು ಪಕ್ಷದ ವಿದ್ವಾಂಸರೂ ಇದ್ದಾರೆ. ಸ್ಟೂವರ್ಟ್ ಕನ್ನಿಂಗ್‌ಹ್ಯಾಮ್ ಮತ್ತು ಡೇವಿಡ್ ಕ್ರೇಗ್ 2019ರ ತಮ್ಮ ಗ್ರಂಥದಲ್ಲಿ, ಸಿನಿಮಾ ಟೆಲಿವಿಷನ್‌ಗಳ ಬಾಗಿಲು ತೆರೆಯದಿದ್ದ ಅನೇಕರಿಗೆ ಈ ಹೊಸ ಉದ್ಯಮ ಎಡೆ ಮಾಡಿಕೊಟ್ಟಿದೆ ಎಂದು ತೋರಿಸಿದ್ದಾರೆ. ಅದೇ ವರ್ಷ ಪ್ರಕಟವಾದ ಪಾಯಲ್ ಅರೋರಾ ಅವರ ಗ್ರಂಥ ನಮಗೆ ಇನ್ನೂ ಹತ್ತಿರದ್ದು. ಬಡವರು ಅಂತರ್ಜಾಲವನ್ನು ಉಪಯೋಗಕ್ಕೆ ಮಾತ್ರ ಬಳಸಬೇಕು, ಕೃಷಿ ದರವನ್ನೋ ಪರೀಕ್ಷೆಯ ಫಲಿತಾಂಶವನ್ನೋ ನೋಡಬೇಕು ಎಂದು ಬಲ್ಲವರು ಬಯಸುತ್ತಾರೆ. ಆದರೆ ಬಡವರಿಗೂ ವಿನೋದ ಬೇಕು, ಪ್ರೀತಿ ಬೇಕು, ನಾಲ್ವರ ಕಣ್ಣಿಗೆ ಕಾಣಬೇಕೆಂಬ ಆಸೆಯುಂಟು ಎಂಬುದು ಆ ಗ್ರಂಥದ ತಿರುಳು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ನಮ್ಮೂರಿನ ಹೆಂಗಸರ ಅಡುಗೆಯಾಗಲಿ, ಅವರ ಮಾತಿನ ಧಾಟಿಯಾಗಲಿ ಯಾವ ಪತ್ರಿಕೆಯ ಪುಟದಲ್ಲಿ ಬಂದಿತ್ತು? ಈಗ ಬರುತ್ತಿದೆ. ಇದು ಸಣ್ಣ ಲಾಭವಲ್ಲ.

ನೋಡುವವರ ಹಿತವನ್ನೂ ಇಲ್ಲಿ ಮರೆಯುವಂತಿಲ್ಲ. ನಂಬಿಕೆಯೇ ಬಂಡವಾಳವಾದ ಕಡೆ ನಂಬಿಕೆಯ ದುರುಪಯೋಗಕ್ಕೂ ಎಡೆಯುಂಟು. ಗೆಳತಿ ಹೇಳಿದಳೆಂದು ಕೊಂಡುದು, ಗೆಳತಿಗೆ ಹಣ ಕೊಟ್ಟು ಹೇಳಿಸಿದ್ದೆಂದು ಆಮೇಲೆ ತಿಳಿದರೆ ಹೇಗಾದೀತು? ಆದ್ದರಿಂದ ಭಾರತದ ಜಾಹೀರಾತು ಮಾನದಂಡಗಳ ಮಂಡಲಿಯು 2021ರಲ್ಲಿಯೂ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿಯೂ ಸೂಚನೆಗಳನ್ನು ಹೊರಡಿಸಿ, ಹಣ, ಉಡುಗೊರೆ ಮೊದಲಾದುವನ್ನು ಪಡೆದು ಮಾಡಿದ ಪ್ರಚಾರವನ್ನು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ವಿಧಿಸಿದವು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ, ದಾರಿತಪ್ಪಿಸುವ ಜಾಹೀರಾತನ್ನು ಸಮರ್ಥಿಸಿದವರಿಗೂ ಮೊದಲ ಸಲ 10 ಲಕ್ಷ ರೂಪಾಯಿಗಳವರೆಗೆ, ಪುನಃ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸುವ ಅವಕಾಶವಿದೆ. ಚಾನೆಲ್ ತೆರೆಯಬಯಸುವ ಮಿತ್ರರು ಇದನ್ನು ಮೊದಲೇ ತಿಳಿದಿರುವುದು ಲೇಸು.

ನೋಡುವವರನ್ನು ಕಾಯಲು ಹೀಗೆ ಕಾನೂನು ಬಂತು. ದುಡಿಯುವವರನ್ನು ಕಾಯುವವರು ಯಾರು? ಇಲ್ಲಿ ಬೀಡಿಯ ಚರಿತ್ರೆಯಿಂದ ನಾವು ಪಾಠ ಕಲಿಯಬಹುದು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸು ಕಾರ್ಮಿಕಳೇ ಅಲ್ಲ, ಬಿಡುವಿನ ವೇಳೆ ಕಳೆಯುವವಳು ಎಂದು ವಾದಿಸುವವರು ಒಂದು ಕಾಲಕ್ಕೆ ಇದ್ದರು. 1966ರಲ್ಲಿ ಪಾರ್ಲಿಮೆಂಟು ಮಾಡಿದ ಬೀಡಿ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದು ಪರಿಗಣಿಸಿತು. ಬೀಡಿ ತಿರಸ್ಕರಿಸಿದ ಬಗೆಗೆ ತಕರಾರು ಬಂದರೆ ತೀರ್ಮಾನಿಸುವುದಕ್ಕೆ ದಾರಿಯನ್ನೂ ತೋರಿಸಿತು. 1974ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಎತ್ತಿಹಿಡಿಯಿತು. ಕರ್ನಾಟಕ ಸರಕಾರವು 2025ರಲ್ಲಿ ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಒಂದು ಕಾಯಿದೆ ಮಾಡಿದೆ. ಕಲ್ಯಾಣ ಮಂಡಳಿ, ಕೆಲಸದಿಂದ ತೆಗೆಯುವ ಮುಂಚೆ ಸಾಮಾನ್ಯವಾಗಿ 14 ದಿನಗಳ ನೋಟೀಸು, ಯಂತ್ರದ ತೀರ್ಮಾನಗಳ ವಿಷಯವಾಗಿ ವಿವರಣೆ ಕೇಳುವ ಹಕ್ಕು ಇವು ಅದರಲ್ಲಿವೆ. ಊಟ ತಲುಪಿಸುವವರ, ಗಾಡಿ ಓಡಿಸುವವರ ಕಷ್ಟವೇ ಅದಕ್ಕೆ ಮುಖ್ಯ ಪ್ರೇರಣೆ. ಆದರೂ ಆ ಪ್ರಶ್ನೆ ವಿಡಿಯೋ ಮಾಡುವವರಿಗೂ ಸಲ್ಲುತ್ತದೆ. ಕಾಣಿಸಿಕೊಳ್ಳುವುದು ದುಡಿಮೆಯೆಂದು ಒಪ್ಪಿದ ಮೇಲೆ, ‘ನನ್ನನ್ನು ಏಕೆ ಮರೆಮಾಡಿದಿರಿ?’ ಎಂದು ಕೇಳುವ ಹಕ್ಕೂ ಇರಬೇಡವೆ?

ತಂಗಿಗೆ ನಾನು ಏನು ಹೇಳಿದೆನೆಂದು ಓದುಗರು ಕೇಳಬಹುದು. ಚಾನೆಲ್ ಬೇಡವೆನ್ನಲಿಲ್ಲ. ಪದವಿಗೆ ಸೇರು, ಜೊತೆಗೆ ವಿಡಿಯೋ ಮಾಡು ಎಂದೆ. ಅಮ್ಮನ ಬೀಡಿ ಪುಸ್ತಕದಂತೆ ನೀನೂ ಒಂದು ಪುಸ್ತಕ ಇಡು. ಪ್ರತಿದಿನ ಎಷ್ಟು ಗಂಟೆ ದುಡಿದೆ, ಎಷ್ಟು ಖರ್ಚಾಯಿತು, ಎಷ್ಟು ಬಂತು ಎಂದು ಬರೆ. ಒಂದು ವರ್ಷವಾದ ಮೇಲೆ ನಾವಿಬ್ಬರೂ ಕುಳಿತು ಕೂಡಿಸೋಣ ಎಂದೆ. ಅವಳು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ. ಅಮ್ಮನಿಗೆ ಮಾತ್ರ ಪುಸ್ತಕದ ಮಾತು ಕೂಡಲೇ ಅರ್ಥವಾಯಿತು.

ಕೊನೆಯದಾಗಿ, ನಮ್ಮ ಅಧ್ಯಾಪಕರಲ್ಲಿ ಒಂದು ವಿನಂತಿ. ಮೇಲೆ ಹೇಳಿದ ಸಂಶೋಧನೆಗಳಲ್ಲಿ ಹೆಚ್ಚಿನವು ಅಮೇರಿಕ, ಬ್ರಿಟನ್, ಸಿಂಗಪುರಗಳವು. ನಮಗೆ ಸಮೀಪದಲ್ಲಿ ಚೆನ್ನೈ ಹೊರವಲಯದ ಒಂದು ಪ್ರದೇಶವನ್ನು ಅಭ್ಯಸಿಸಿ ಶ್ರೀರಾಮ್ ವೆಂಕಟರಾಮನ್ 2017ರಲ್ಲಿ ಬರೆದ ಗ್ರಂಥವಿದೆ, ಲಂಡನ್ನಿನ ಯು.ಸಿ.ಎಲ್. ಮುದ್ರಣಾಲಯ ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಇದಲ್ಲದೆ ಇಂಥ ಅಧ್ಯಯನಗಳಿಗೆ ಒಂದು ಸಹಜವಾದ ಕೊರತೆಯಿದೆ. ಕಣ್ಣಿಗೆ ಕಾಣುವವರನ್ನು ಹುಡುಕಿ ಸಂದರ್ಶಿಸುವುದು ಸುಲಭ. ದುಡಿದು, ಕಾಣದೆ, ಕೈಬಿಟ್ಟು ಹೋದವರನ್ನು ಹುಡುಕುವುದು ಕಷ್ಟ. ಆದರೆ ಅಂಥವರು ನಮ್ಮ ತರಗತಿಗಳಲ್ಲಿಯೇ ಬೆಂಚಿನ ಮೇಲೆ ಕುಳಿತಿದ್ದಾರೆ. ಸಮಾಜಶಾಸ್ತ್ರ ಮತ್ತು ಅರ್ಥಶಾಸ್ತ್ರ ವಿಭಾಗಗಳು ಕೂಡಿ, ವಿದ್ಯಾರ್ಥಿಗಳಿಂದಲೇ ಈ ಕಾಲೇಜಿನ ಚಾನೆಲುಗಳ ಗಂಟೆಗಳನ್ನೂ ಗಳಿಕೆಯನ್ನೂ, ನಿಂತುಹೋದ ಚಾನೆಲುಗಳ ಕಾರಣಗಳನ್ನೂ ಲೆಕ್ಕ ಹಾಕಿಸಿದರೆ, ಮುಂದಿನ ವರ್ಷದ ಸಂಚಿಕೆಯಲ್ಲಿ ಈ ವಿಷಯವಾಗಿ ಬರೆಯುವವರಿಗೆ ಅಮೇರಿಕದ ಉದಾಹರಣೆಗಳನ್ನೇ ಹೇಳಬೇಕಾದ ಅಗತ್ಯ ಇರಲಾರದು.